ಎಡಕ್ಕೆ ವಾಲುವ ಕನ್ನಡಕ
ಕನ್ನಡಕದಂಗಡಿಯ ಅಜ್ಜನ ಮುಂದೆ ಗಿರಾಕಿ ಕೂತರೆ ಕಣ್ಣಿಗಿಂತ ಮೊದಲು ಬದುಕಿನ ತಪಾಸಣೆ ಆಗಬೇಕು. “ಕೆಲಸ ಏನು? ಕನ್ನಡಕಾನ ಅಂಗಿ ತುದೀಲಿ ಒರೆಸ್ತೀರಾ? ಹಾಕ್ಕೊಂಡೇ ನಿದ್ದೆ ಹೋಗ್ತೀರಾ? ಸುಳ್ಳು ಹೇಳ್ಬೇಡಿ!” ಹಿಟ್ಟಿನ ಗಿರಣಿಯವನಿಗೆ ಗಾಜಿನ ಲೆನ್ಸು, ದಿನಕ್ಕೆ ನೂರು ಸಲ ಒರೆಸಿದರೂ ಗೀರು ಬೀಳುವುದಿಲ್ಲ. ಮಗುವನ್ನೆತ್ತಿಕೊಂಡು ಬಂದ ತಾಯಿಗೆ ಪ್ಲಾಸ್ಟಿಕ್. ಮಗು ಕಿತ್ತೆಸೆದರೂ ಚೂರಾಗುವುದಿಲ್ಲ. ಅಜ್ಜನಿಗೆ ಮಾತ್ರ ಗಾಜೆಂದರೆ ಪಂಚಪ್ರಾಣ, ಪ್ಲಾಸ್ಟಿಕ್ ಮಾರುವಾಗ ಮುಖ ಹುಳ್ಳಗೆ. ಆದರೂ ಅವರ ಕನ್ನಡಕದಲ್ಲಿ ಎಡಗಣ್ಣಿಗೆ ಗಾಜು, ಬಲಗಣ್ಣಿಗೆ ಗೀರುಬಿದ್ದ ಪ್ಲಾಸ್ಟಿಕ್. ಗಾಜಿನ ಭಾರಕ್ಕೆ ಅದು ಸದಾ ಎಡಕ್ಕೆ ವಾಲುತ್ತದೆ, ಅಜ್ಜ ಮಾತಿಗೊಮ್ಮೆ ಬೆರಳಿನಿಂದ ಎತ್ತುತ್ತಾರೆ. ಬೀದಿಯವರು ಇಟ್ಟ ಹೆಸರು ‘ಬೆರಕೆ ಅಜ್ಜ’. ಮೊನ್ನೆ ಬಂದ ಟೀಚರಮ್ಮ ನಕ್ಕುಬಿಟ್ಟರು: “ಅಲ್ಲ ಅಜ್ಜಾ, ಊರಿಗೆಲ್ಲ ತೀರ್ಪು ಹೇಳ್ತೀರಿ, ನಿಮಗೇ ಇನ್ನೂ ತೀರ್ಮಾನ ಆಗ್ಲಿಲ್ವಾ?” ಅಜ್ಜನೂ ನಕ್ಕರು. “ಆಗಿದೆಯಮ್ಮ. ನಮ್ಮನೆಯವಳಿಗೆ ಕೈಕಾಲು ಸ್ವಾಧೀನ ಇಲ್ಲ. ದಿನಾ ಬೆಳಿಗ್ಗೆ ನಾನೇ ಎತ್ತಿ ಕುರ್ಚೀಲಿ ಕೂರಿಸ್ತೀನಿ. ಆಗ ಅವಳ ಕೆನ್ನೆ ಈ ಬಲಗಡೆಗೇ ಬಂದು ಒತ್ತುತ್ತೆ. ಗಾಜು ಒಡೆದ್ರೆ?” ಅಜ್ಜ ಜಾರಿದ ಕನ್ನಡಕವನ್ನು ಮೇಲೆತ್ತಿಕೊಂಡು ಚೀಟಿ, ಪೆನ್ಸಿಲು ಹತ್ತಿರಕ್ಕೆಳೆದರು: “ಈಗ ಹೇಳಿ, ನಿಮ್ಮನೇಲಿ ಯಾರ್ಯಾರಿದ್ದಾರೆ?”