ಅರಿಶಿನದ ಬೆರಳು ಮತ್ತು ನನ್ನ ಸರ್ವರ್

ನಮ್ಮ ಹಜಾರದ ಸ್ವಿಚ್ ಬೋರ್ಡಿನಲ್ಲಿ ಒಂದೇ ಒಂದು ಗುಂಡಿಯ ಮೇಲೆ ಅರಿಶಿನದ ಬೆರಳಚ್ಚಿರುತ್ತದೆ. ಎಷ್ಟೋ ಸಲ ಒರೆಸಿದ್ದೇನೆ. ಮರುದಿನ ಅದು ಮತ್ತೆ ಏಕೆ ಮೂಡುತ್ತದೆಂದು ಮಾತ್ರ ಯೋಚಿಸಿರಲಿಲ್ಲ.

ಯೋಚಿಸಲು ನನಗೆ ದೊಡ್ಡ ವಿಷಯಗಳಿದ್ದವು. ನಮ್ಮ ಫೋಟೊಗಳೆಲ್ಲ ಯಾವುದೋ ದೇಶದ ಯಾರದೋ ಕಂಪ್ಯೂಟರಿನಲ್ಲಿ ಏಕಿರಬೇಕು, ಕಡೂರಿನಲ್ಲೇ ಏಕಿರಬಾರದು ಎಂಬ ಸ್ವಾಭಿಮಾನ ಉಕ್ಕಿ, ಹಳೆಯ ಕಂಪ್ಯೂಟರೊಂದನ್ನು ಸರ್ವರ್ ಮಾಡಿ ಹಜಾರದಲ್ಲಿ ಕೂರಿಸಿದ್ದೆ. ಅದರೊಳಗೆ ಒಬ್ಬೊಬ್ಬರಿಗೆ ಒಂದೊಂದು ಉಗ್ರಾಣ, ಒಂದೊಂದು ಬೀಗ. ದಿನಾ ಮಧ್ಯಾಹ್ನ ಫೋನಿನಲ್ಲಿರುವುದೆಲ್ಲ ತಾನಾಗಿ ಅಲ್ಲಿಗೆ ಬಂದು ಸೇರಬೇಕು. ಆ ಹೊತ್ತಿಗೆ ನಾನು ತರೀಕೆರೆಯ ಕಾಲೇಜಿನಲ್ಲಿ ಪಾಠ ಮಾಡುತ್ತಿರುತ್ತೇನೆ. ಸಂಜೆ ಬಂದು ನೋಡಿದರೆ ಸರ್ವರ್ ಬಿಸಿಯಿಲ್ಲ, ಸದ್ದಿಲ್ಲ. ಎಂಥ ಅಚ್ಚುಕಟ್ಟು ಎಂದು ಒಳಗೊಳಗೇ ಬೀಗುತ್ತಿದ್ದೆ.

ಆ ಬೀಗುವಿಕೆಯಲ್ಲೇ ಪಕ್ಕದ ಮನೆಯ ಶಮೀಮಕ್ಕನಿಗೂ ಒಂದು ಉಗ್ರಾಣ ಕೊಟ್ಟೆ. ಅವರ ಗಂಡ ಅಜ್ಜಂಪುರದ ಬಸ್ಸಿನ ಡ್ರೈವರಾಗಿದ್ದರು. ಹೋದ ವರ್ಷ ತೀರಿಕೊಂಡರು. ಅವರು ದಾರಿಯಿಂದ ಕಳಿಸುತ್ತಿದ್ದ ಧ್ವನಿಸಂದೇಶಗಳಷ್ಟೇ ಶಮೀಮಕ್ಕನ ಫೋನಿನಲ್ಲಿ ಉಳಿದಿದ್ದವು. "ಎಲ್ಲ ಭದ್ರವಾಗಿದೆ, ಧೈರ್ಯವಾಗಿ ಹಳೇ ಫೋನ್ ಕೊಟ್ಟು ಹೊಸದು ತಗೊಳ್ಳಿ" ಎಂದಿದ್ದೆ, ವಿಶ್ವವಿದ್ಯಾಲಯ ಕಲಿಸಿದ ಗಾಂಭೀರ್ಯದಿಂದ.

ಮೊನ್ನೆ ರಜೆಯಿತ್ತು. ಮಧ್ಯಾಹ್ನ ಅಡುಗೆಮನೆಯಿಂದ ಬಂದ ಅಮ್ಮ ಸರ್ವರಿನ ಸ್ವಿಚ್ಚನ್ನು ಅರಿಶಿನದ ಬೆರಳಿನಿಂದ ಟಪ್ಪೆಂದು ಆರಿಸಿ, ಮಲಗಲು ಹೊರಟರು.

"ಏನ್ ಮಾಡ್ಬಿಟ್ಟೆ ಅಮ್ಮ?"

"ದಿನಾ ಮಾಡೋದೇ ಕಣೇ. ಯಾರೂ ನೋಡ್ದೆ ಸುಮ್ನೆ ಉರೀತಿರುತ್ತೆ. ಎದ್ಮೇಲೆ ಹಾಕ್ತೀನಲ್ಲ!"

ಮತ್ತೆ ಹಚ್ಚಿ ನೋಡಿದೆ. ಶಮೀಮಕ್ಕನ ಉಗ್ರಾಣಕ್ಕೆ ಬೀಗ ಭದ್ರವಾಗಿತ್ತು. ಒಳಗೆ ಏನೂ ಇರಲಿಲ್ಲ. ಅವರು ಬೆಳಿಗ್ಗೆಯೇ ಫೋನ್ ಬದಲಿಸಲು ಅಂಗಡಿಗೆ ಹೋಗಿದ್ದರು. ಅಮೃತಾಪುರದ ದೇವಸ್ಥಾನದಲ್ಲಿ ಕಲ್ಲಿನ ಮೇಲೆ ಬರೆಸಿದವರು ನೆನಪಾದರು. ಶತಮಾನಗಳಿಂದ ಒಂದಕ್ಷರ ಕದಲಿಲ್ಲ, ಶಾಸನಕ್ಕೆ ಸ್ವಿಚ್ಚಿಲ್ಲ.

ಚಪ್ಪಲಿಯಿಲ್ಲದೆ ಪಕ್ಕದ ಮನೆಗೆ ಓಡಿದೆ.

"ಫೋನ್ ಕೊಟ್ಬಿಟ್ರಾ ಶಮೀಮಕ್ಕ?"

"ಕೊಡಕ್ಕೇ ಹೋಗಿದ್ದೆ ಕಣಮ್ಮ. ಗಾಜು ಒಡ್ದಿದೆ, ಬಿಡಿಗಾಸೂ ಬರಲ್ಲ ಅಂದ. ನನ್ ಕೈಯಿಂದ ಬಿದ್ದಿದ್ದು ಅಂತ ನಮ್ಮವ್ರು ಎಷ್ಟ್ ಬೈದಿದ್ರು ಗೊತ್ತಾ!"

ನಾನು ಕಟ್ಟಿದ ಭದ್ರತೆ ಉಳಿಸದೆ ಹೋದದ್ದನ್ನು ಒಂದು ಬಿರುಕು ಉಳಿಸಿತ್ತು. ಅಲ್ಲೇ ಕೂತು ಎಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಸರಿಯಾಗಿ ಬಂದಿದೆಯೇ ಎಂದು ಒಂದನ್ನು ಕೇಳಿಸಿದೆ. ಅಜ್ಜಂಪುರ ಬಿಟ್ಟಿದ್ದೇನೆ, ಚಹಾಕ್ಕಿಡು ಎಂದು ದಖನಿ ಉರ್ದುವಿನಲ್ಲಿ ಹೇಳಿತು ಆ ಧ್ವನಿ. ಶಮೀಮಕ್ಕ ಎದ್ದು ಒಲೆಯ ಕಡೆಗೆ ಎರಡು ಹೆಜ್ಜೆ ಇಟ್ಟು, ನಿಂತರು. ನಾನು ತಂತಿ ಸುತ್ತುವುದರಲ್ಲಿ ತುಂಬಾ ಹೊತ್ತು ಮಗ್ನಳಾಗಿದ್ದೆ.

ಮರುದಿನ ಬೆಳಿಗ್ಗೆ ಸರ್ವರನ್ನು ಎತ್ತಿಕೊಂಡು ಹೋಗಿ ಫ್ರಿಜ್ಜಿನ ತಲೆಯ ಮೇಲಿಟ್ಟೆ. ಅದರ ಪ್ಲಗ್ಗಿಗೇ ಇದನ್ನೂ ಸೇರಿಸಿದೆ. ಹಾಲು ಒಡೆಯುತ್ತದೆಂಬ ಭಯಕ್ಕೆ ನಮ್ಮ ಮನೆಯಲ್ಲಿ ಯಾರೂ ಮುಟ್ಟದ ಸ್ವಿಚ್ಚು ಅದೊಂದೇ.