ಯಶೋದಾಬಾಯಿ ಹಾಜರಿ ಕೂಗಿದರು

ಹುಮನಾಬಾದ್ ಬಸ್ ಸ್ಟ್ಯಾಂಡ್ ಎದುರು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಯಶೋದಾಬಾಯಿ ಮೊದಲು ಬೇಮಳಖೇಡದಲ್ಲಿ ತೊಗರಿ ಕೊಯ್ಯುವ ಆಳುಗಳ ಮುಕಾದಮ ಆಗಿದ್ದರು. ಎಲ್ಲರಿಗಿಂತ ಮೊದಲು ಎದ್ದು, ಪಟ್ಟಿ ಹಿಡಿದು, ಮನೆಮನೆಯ ಮುಂದೆ ಹೆಸರು ಕೂಗಿ ಆಳುಗಳನ್ನು ಎಬ್ಬಿಸುವ ಕೆಲಸ! ಮೂವತ್ತೈದು ದಾಟಿದ ಮೇಲೆ ಗಯಾಸುದ್ದೀನ್ ಮೇಸ್ತ್ರಿಯ ಬಳಿ ಕಂಪ್ಯೂಟರ್ ಬಿಚ್ಚಲು ಕಲಿತರು.

ಕಳೆದ ಸೋಮವಾರ ನಾನು ಚಾರ್ಜರ್ ತರಲು ಹೋದಾಗ ಸಿಮೆಂಟ್ ವ್ಯಾಪಾರಿ ಮಹಾರುದ್ರಪ್ಪ ಬಂದು ತಮ್ಮ ಕಂಪ್ಯೂಟರನ್ನು ಮೇಜಿನ ಮೇಲೆ ಕುಕ್ಕಿದರು. ಹಿಂದಿನ ವಾರ ಅದರ ಫ್ಯಾನ್ ಬದಲಿಸಿದ್ದು ಯಶೋದಾಬಾಯಿಯೇ.

"ಎಂಟು ಪ್ರೊಸೆಸರ್ ತೋರಸ್ತಿತ್ತು, ಈಗ ನಾಕೇ ತೋರಸಾಕತ್ತದ. ಉಳಿದ ಅರ್ಧ ಎಲ್ಲಿ ಕದ್ದಿಟ್ಟಿ? ನಾಳಿಂದ ಬಜಾರದಾಗ ಒಬ್ಬರೂ ನಿನ್ನ ಕೈಯಾಗ ಮಷಿನ್ ಕೊಡಂಗಿಲ್ಲ, ನೋಡ್ಕೋ!"

ಬಾಗಿಲ ತುಂಬ ಜನ. ಕಳ್ಳಿ ಎಂಬ ಹೆಸರು ಅಂಟಿದರೆ ಅಂಗಡಿ ಮುಚ್ಚಿದಂತೆಯೇ.

ಯಶೋದಾಬಾಯಿ ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ!

"ಸಾವಕಾರ್ರ, ಒಳಗ ಆಳು ಮೊದಲಿಂದ ನಾಕೇ ಅದಾವ. ಒಂದೊಂದಾಳು ಎರಡೆರಡು ಕೆಲಸ ಹಿಡೀತದ, ಅದಕ್ಕ ಎಂಟಂತ ಲೆಕ್ಕ. ಆಳಿನ ಎಡಗೈ ಅಷ್ಟ ನಾ ಹ್ಯಾಂಗ ಕದೀಲ್ರಿ?"

ಜನ ಗೊಳ್ಳೆಂದು ನಕ್ಕರು.

"ಮತ್ತ ಎಡಗೈ ಎಲ್ಲಿ ಹೋದವು?" ಎಂದರು ಮಹಾರುದ್ರಪ್ಪ.

"ಚಾಲೂ ಮಾಡಿದ ಕೂಡಲೇ ಒಂದೇ ಪ್ರೊಸೆಸರ್ ಏಳ್ತದ, ಮುಕಾದಮನಂಗ. ಬೋರ್ಡ್ ಕೊಟ್ಟ ಪಟ್ಟಿ ವಿಂಡೋಸ್ ಓದಿ, ಅದರಾಗ ಇದ್ದವರನ್ನಷ್ಟ ಎಬ್ಬಿಸ್ತದ. ಪಟ್ಟಿಯಾಗ ಎಡಗೈ ಹೆಸರ ಇಲ್ಲಂದ್ರ ಎಬ್ಬಿಸೋದು ಯಾರನ್ನ?"

ಹೇಳುತ್ತಲೇ ಯಂತ್ರವನ್ನು ಮತ್ತೆ ಚಾಲೂ ಮಾಡಿ, ವಿಂಡೋಸ್ ಬರುವ ಮೊದಲೇ ಕೀ ಒತ್ತಿ ಬೋರ್ಡಿನ ಸೆಟ್ಟಿಂಗ್ ತೆರೆದರು. ಒಂದಾಳಿಗೆ ಎರಡು ಕೆಲಸ ಹಚ್ಚುವ ಹೈಪರ್‌ಥ್ರೆಡಿಂಗ್ ಬಂದ್!

"ಇದನ್ನ ಬಂದ್ ಮಾಡಿದವರು ಯಾರ್ರಿ?"

ಮಹಾರುದ್ರಪ್ಪ ಕೆಮ್ಮಿದರು. "ಅದು... ನಮ್ಮ ತಗಡಿನ ಅಂಗಡ್ಯಾಗ ಭಾಳ ಕಾಯ್ತಿತ್ತು. ಇದನ್ನ ಬಂದ್ ಮಾಡಿದ್ರ ತಂಪಾಗ್ತದಂತ ಮೊಬೈಲ್‌ದಾಗ ನೋಡಿ... ನಾನೇ..."

ಆಗ ಎದ್ದ ನಗು ಬಸ್ ಹಾರ್ನನ್ನೂ ಮುಚ್ಚಿಹಾಕಿತು! ಯಶೋದಾಬಾಯಿ ಮಾತ್ರ ನಗದೆ ಸೆಟ್ಟಿಂಗ್ ಸರಿಮಾಡಿ ಯಂತ್ರ ಎಬ್ಬಿಸಿದರು. ಪರದೆಯ ಮೇಲೆ ಒಂದೊಂದು ಪ್ರೊಸೆಸರಿಗೆ ಒಂದೊಂದು ಚೌಕ, ಒಂದರ ಪಕ್ಕ ಒಂದು. ಅವರು ಹಳೆಯ ಹೊಲದ ದನಿಯಲ್ಲೇ ಹಾಜರಿ ಕೂಗಿದರು, "ಒಂದ್! ಎರಡ್! ಮೂರ್!" ಐದಕ್ಕೆ ನಾವೂ ಸೇರಿಕೊಂಡೆವು, ಎಂಟಕ್ಕೆ ಇಡೀ ಬಾಗಿಲೇ ಕೂಗಿತು!

"ತಪ್ಪಾತು, ಯಶೋದಾಬಾಯಿ," ಎಂದರು ಮಹಾರುದ್ರಪ್ಪ ಮೆಲ್ಲಗೆ.

"ಕದ್ದಿ ಅಂದಿದ್ದು ಇಡೀ ಬಜಾರಕ್ಕ ಕೇಳ್ಸೇದ್ರಿ. ಇದೂ ಕೇಳ್ಲಿ."

ಮಹಾರುದ್ರಪ್ಪ ಮೆಟ್ಟಿಲ ಮೇಲೆ ನಿಂತು, ರಸ್ತೆಗೆ ಮುಖ ಮಾಡಿ, "ತಪ್ಪಾತು" ಎಂದು ಗಂಟಲು ಬಿಚ್ಚಿ ಹೇಳಿದರು.