ಗಂಟಲು ಕಟ್ಟಿದ ಅಣ್ಣನ ಕೂಗು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಕಥೆಗಳನ್ನು ಕೇಳಿ ನಗುವ ಪೈಕಿ. ನ್ಯಾಮತಿಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಯಾರಾದರೂ ಬಂದು ಹುಣಸೆ ಮರದ ಕೆಳಗೆ ಬಿಳಿ ಸೀರೆ ಕಂಡಿತು ಎಂದರೆ, ಯಾರೋ ಒಣಹಾಕಿದ್ದು ಹಾರಿ ಬಂದಿರಬೇಕು, ಮಡಚಿ ಕೊಟ್ಟು ಬನ್ನಿ ಎಂದು ಕಳಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ನನ್ನೆದುರು ದೆವ್ವದ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ದೆವ್ವಕ್ಕಿಂತ ನನ್ನ ಬಾಯಿಗೇ ಹೆಚ್ಚು ಹೆದರುತ್ತಿದ್ದರು. ಅಂಥವಳು ಈಗ ಕೂತು ಇದನ್ನು ಬರೆಯುತ್ತಿದ್ದೇನೆ. ನಗುವುದಿದ್ದರೆ ಧಾರಾಳವಾಗಿ ನಗಿ, ಆದರೆ ಪೂರ್ತಿ ಓದಿಯಾದ ಮೇಲೆ ನಗಿ.

ಕೆಲವು ವರ್ಷಗಳ ಹಿಂದಿನ ಮಾತು. ಚನ್ನಗಿರಿಯಲ್ಲಿ ರುದ್ರೇಶಿ ಎಂಬ ನಮ್ಮ ಪರಿಚಯದವನೊಬ್ಬ ಯಾತ್ರೆಯ ಬಸ್ಸು ನಡೆಸುತ್ತಾನೆ. ಕಾಶಿ, ರಾಮೇಶ್ವರ, ಶಿರಡಿ ಎಂದು ವರ್ಷವರ್ಷವೂ ಜನರನ್ನು ತುಂಬಿಕೊಂಡು ಹೋಗಿ ಬರುವವನು. ಆ ವರ್ಷ ಇದ್ದಕ್ಕಿದ್ದಂತೆ ನಮ್ಮ ಮನೆಗೆ ಬಂದು, "ಟೀಚರ್, ಈ ಸಲ ದೇವಸ್ಥಾನ ಇಲ್ಲ ರೀ. ಅರ್ಧ ನೆಲ, ಅರ್ಧ ನೀರು," ಎಂದ. ಬಸ್ಸಿನಲ್ಲಿ ಹೊನ್ನಾಳಿ, ನ್ಯಾಮತಿ, ಶಿಕಾರಿಪುರದ ಮೇಲೆ ಘಟ್ಟ ಇಳಿದು ಕರಾವಳಿಗೆ ಹೋಗುವುದು, ಗೋವಾದಲ್ಲಿ ಒಂದು ಸಣ್ಣ ಹಡಗು ಹತ್ತುವುದು. ಆ ಹಡಗು ದೊಡ್ಡ ಊರುಗಳಿಗೆ ಹೋಗುವುದಿಲ್ಲ. ರಸ್ತೆಯೇ ಇಲ್ಲದ, ಮನೆಗಳೇ ಇಲ್ಲದ ದಡಗಳ ಮುಂದೆ ನಿಲ್ಲುತ್ತದೆ. ರಬ್ಬರ್ ದೋಣಿಯಲ್ಲಿ ಇಳಿದು ನೋಡಿಕೊಂಡು ಬರಬೇಕು. ಅಷ್ಟರಲ್ಲಿ ನಮ್ಮ ಬಸ್ಸು ಖಾಲಿಯಾಗಿ ನೆಲದ ಮೇಲೆ ಸುತ್ತಿಕೊಂಡು ರತ್ನಗಿರಿಗೆ ಬಂದು ಕಾಯುತ್ತಿರುತ್ತದೆ. ಅಲ್ಲಿಂದ ಕೊಲ್ಹಾಪುರ, ಹುಬ್ಬಳ್ಳಿ ದಾರಿಯಲ್ಲಿ ಊರಿಗೆ. ಕೇಳಿದ ಕೂಡಲೇ ನನಗೆ ಅಣ್ಣ ಅತ್ತಿಗೆಯ ನೆನಪಾಯಿತು.

ನನ್ನ ತವರು ಜಗಳೂರಿನ ಕಡೆ. ಅಣ್ಣ ಕುರಿ ಸಾಕಿಕೊಂಡಿದ್ದಾನೆ. ಜಗಳೂರಿನಲ್ಲಿ ಕೆರೆ ತುಂಬಿದರೆ ಅದೇ ದೊಡ್ಡ ಸುದ್ದಿ. ಸಮುದ್ರವನ್ನು ಅವನು ಕಂಡಿದ್ದು ಟಿವಿಯಲ್ಲಿ ಮಾತ್ರ. ಅತ್ತಿಗೆಯೂ ಅಷ್ಟೇ. ಫೋನು ಮಾಡಿದರೆ ಅಣ್ಣ, "ಕುರಿ ಬಿಟ್ಟು ಹೆಂಗೆ ಬರಾಕಾಗ್ತೈತೆ ತಂಗಿ?" ಎಂದು ರಾಗ ಎಳೆದ. ಅತ್ತಿಗೆ ಅವನ ಕೈಯಿಂದ ಫೋನು ಕಸಿದುಕೊಂಡು, "ನಾವು ಬರ್ತೀವಿ ಕಣೇ ಮೇಡಮ್ಮ, ಕುರಿ ನಮ್ಮ ಚಿಕ್ಕಪ್ಪ ನೋಡ್ಕೊಂತಾನೆ," ಎಂದು ಮುಗಿಸಿದಳು. ನಾನು ಟೀಚರಾಗಿದ್ದಕ್ಕೆ ಅವಳು ನನ್ನನ್ನು ಛೇಡಿಸುವ ಹೆಸರು ಅದು, ಮೇಡಮ್ಮ.

ಹೆಸರಿನ ಮಾತು ಬಂತು, ಅದನ್ನೂ ಹೇಳಿಬಿಡಬೇಕು. ನಮ್ಮ ಕಡೆ ಆ ತಲೆಮಾರಿನ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಅತ್ತಿಗೆಯ ಹೆಸರು ಹಾಲಮ್ಮ. ಅಣ್ಣನ ಬಾಯಲ್ಲಿ ಆ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ. ಮದುವೆಯಾಗಿ ಬಂದ ದಿನ ನಾವು ಹುಡುಗಿಯರು ಹೊಸ್ತಿಲಿಗೆ ಅಡ್ಡ ನಿಂತು, ಹೆಂಡತಿಯ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಪೀಡಿಸಿದಾಗ, ಹೆಂಡತಿಯನ್ನು ಅಲ್ಲೇ ಬಿಟ್ಟು ಹಿತ್ತಿಲ ಗೋಡೆ ಹಾರಿ ಮನೆ ಹೊಕ್ಕ ಪುಣ್ಯಾತ್ಮ ಅವನು. ಆಫೀಸಿನಲ್ಲಿ ಯಾರಾದರೂ ಹೆಂಡತಿಯ ಹೆಸರು ಕೇಳಿದರೆ ಆಧಾರ್ ಕಾರ್ಡನ್ನೇ ಮುಂದೆ ಹಿಡಿಯುತ್ತಾನೆ. ಅವಳನ್ನು ಕರೆಯಬೇಕಾದರೆ ಕುರಿ ಕರೆಯುವ ಕೂಗೇ. ಹೊಕ್ಕುಳಿನಿಂದ ಎದ್ದು ಬರುವ ಒಂದು "ಹೋ...ಯ್!" ಅದಕ್ಕೆ ಹೊಲದಾಚೆಯ ಮಂದೆಯೂ ತಿರುಗುತ್ತದೆ, ಅತ್ತಿಗೆಯೂ ತಿರುಗುತ್ತಾಳೆ. ಕುರಿಗೆ ಹಾಕಿದ ಕೂಗು ಯಾವುದು, ತನಗೆ ಹಾಕಿದ್ದು ಯಾವುದು ಎಂದು ಅವಳಿಗೆ ತಪ್ಪದೆ ಗೊತ್ತಾಗುತ್ತದಂತೆ. ನನ್ನ ಕಿವಿಗೆ ಮಾತ್ರ ಎರಡೂ ಒಂದೇ.

ಪ್ರಯಾಣ ಬಲು ಮಜವಾಗಿತ್ತು. ಬಸ್ಸಿನ ತುಂಬ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ. ಹಡಗು ಹತ್ತುವಾಗ ನಮ್ಮ ಗಂಟುಗಳನ್ನು ನೋಡಿ ಹಡಗಿನವರು ಇವರೇನು ತಿಂಗಳುಗಟ್ಟಲೆ ಇರಲು ಬಂದರೋ ಎಂದು ಗಾಬರಿಯಾದರು. ಸಮುದ್ರ ಕಂಡ ಅತ್ತಿಗೆ ಕೈಮುಗಿದಳು. ಅಣ್ಣ ಬಹಳ ಹೊತ್ತು ನೋಡಿ, "ಇಷ್ಟು ನೀರು ಇಟ್ಕೊಂಡು ಜಗಳೂರಿಗೆ ಒಂದು ಹನಿ ಕಳ್ಸಲ್ಲವಲ್ಲ ಇದು," ಎಂದು ಸಮುದ್ರದ ಮೇಲೇ ಸಿಟ್ಟಾದ.

ಮೊದಲ ದಿನವೇ ಡಾಲ್ಫಿನ್‌ಗಳು ಬಂದವು. ನೀರಿನಿಂದ ನೆಗೆದು, ಮುಳುಗಿ, ಗುಂಪಾಗಿ ಹಡಗಿನ ಜೊತೆಗೇ ಓಡುತ್ತಿದ್ದವು. ಅಣ್ಣನಿಗೆ ತಡೆಯಲಾಗಲಿಲ್ಲ. "ಎಲ್ಲಾ ಚದುರ್ತಾವೆ ನೋಡು, ಹಿಂದೆ ಕಾಯಾಕೆ ಯಾರೂ ಇಲ್ಲೇನು?" ಎಂದವನೇ ಕಟಕಟೆ ಹಿಡಿದು ಕೂಗು ಹಾಕಿದ. ಅದು ಕಾಕತಾಳೀಯವೋ ಏನೋ, ಗುಂಪು ಇತ್ತಲೇ ತಿರುಗಿತು. ಹಡಗಿನವರೆಲ್ಲ ಚಪ್ಪಾಳೆ ಹೊಡೆದರು. ಸರಿ, ಇನ್ನು ಕೇಳಬೇಕೆ! ಸಂಜೆಯವರೆಗೂ ಆ ಗಾಳಿಯಲ್ಲಿ ನಿಂತು ಕೂಗಿದ್ದೇ ಕೂಗಿದ್ದು. ಬೆಳಗ್ಗೆ ಎದ್ದರೆ ಗಂಟಲು ಪೂರಾ ಕಟ್ಟಿತ್ತು. ಬಾಯಿ ತೆರೆದರೆ ಪಂಕ್ಚರ್ ಆದ ಟ್ಯೂಬಿನ ಹಾಗೆ ಬರೀ ಗಾಳಿ. ಚಹಾ ಬೇಕೆಂದರೂ ಕೈಸನ್ನೆ. "ಸಮುದ್ರದವ್ವಗೆ ಪುಣ್ಯ ಬರಲಿ, ನನ್ನ ಕಿವಿಗೆ ರಜಾ ಸಿಕ್ತು," ಎಂದು ಅತ್ತಿಗೆ ಹಡಗಿನ ತುಂಬ ಹೇಳಿಕೊಂಡು ತಿರುಗಿದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಣ್ಣನೂ ಸದ್ದಿಲ್ಲದೆ ನಕ್ಕ.

ಅದೇ ದಿನ ಮಧ್ಯಾಹ್ನ ಇಳಿದ ಮೇಲೆ ಹಡಗು ಒಂದು ದಡದ ಮುಂದೆ ನಿಂತಿತು. ಎರಡು ಕಡೆ ಕಪ್ಪು ಬಂಡೆ, ನಡುವೆ ಮರಳು, ಹಿಂದೆ ಗುಡ್ಡ. ಒಂದು ಗುಡಿಸಲೂ ಇಲ್ಲ. ರಬ್ಬರ್ ದೋಣಿಗಳಲ್ಲಿ ಇಳಿದೆವು. ಸಂಜೆಗೆ ನೀರಿನ ಉಬ್ಬರ ಬರುತ್ತದೆ, ಬಂಡೆಯ ಮೂತಿ ದಾಟಿ ಯಾರೂ ಆಚೆ ಹೋಗಬೇಡಿ ಎಂದು ಹಡಗಿನವರು ಸಾರಿ ಸಾರಿ ಹೇಳಿದರು. ಹೇಳಿದ್ದು ಇಂಗ್ಲಿಷ್, ಹಿಂದಿಯಲ್ಲಿ. ರುದ್ರೇಶಿ ಅದನ್ನು ಕನ್ನಡದಲ್ಲಿ ಹೇಳುವ ಹೊತ್ತಿಗೆ ಅತ್ತಿಗೆ ನಮ್ಮ ನಡುವೆ ಇರಲಿಲ್ಲ. ನಾವು ಯಾರೂ ಅದನ್ನು ಗಮನಿಸಲಿಲ್ಲ, ಕಪ್ಪೆಚಿಪ್ಪು ಆರಿಸುವುದರಲ್ಲಿ ಮುಳುಗಿದ್ದೆವು.

ಆಗಿದ್ದು ಇಷ್ಟು. ಬಂಡೆಯ ಮೂತಿಯ ಆಚೆ ಗುಡ್ಡದ ಓರೆಯಲ್ಲಿ ಹುಲ್ಲು ಬೆಳೆದಿತ್ತು. ಮಳೆಗಾಲ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಹಸಿರು ಇನ್ನೂ ಮಾಸಿರಲಿಲ್ಲ. ಕುರಿ ಸಾಕಿದ ಮನೆಯ ಹೆಂಗಸು ಯಾರೂ ಮೇಯಿಸದ ಹುಲ್ಲನ್ನು ಕಂಡು ಸುಮ್ಮನೆ ಬರುವುದುಂಟೆ? ಸಮುದ್ರದ ನಡುವೆ ಇದ್ದೇವೆ, ಕುರಿಗಳು ಜಗಳೂರಿನಲ್ಲಿವೆ ಎಂಬುದೂ ಮರೆತು, ಸೆರಗು ಸಿಕ್ಕಿಸಿಕೊಂಡು ಹುಲ್ಲು ಕೀಳಲು ಹೋಗಿಬಿಟ್ಟಿದ್ದಳು.

ಹೊರಡುವ ಹೊತ್ತಿಗೆ ಅವಳಿಲ್ಲ. ಬಂಡೆಯ ಮೂತಿಯ ಹತ್ತಿರ ಓಡಿದೆವು. ಬರುವಾಗ ಒಣಮರಳಿದ್ದ ಜಾಗದಲ್ಲಿ ಈಗ ಅಲೆಗಳು ಎದ್ದೆದ್ದು ಬಂಡೆಗೆ ಬಡಿಯುತ್ತಿದ್ದವು. ಅವಳು ಹೋದ ದಾರಿ ಅದೊಂದೇ. ಗುಡ್ಡದ ಮೇಲಿನಿಂದ ಬರಬಹುದೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಬಂದ ದಾರಿಯಲ್ಲೇ ಹಿಂತಿರುಗಲು ನೀರಿಗೆ ಇಳಿದರೆ ಗತಿಯೇನು? ನೀರು ಎಂದರೆ ಕೆರೆಯ ಹಾಗೆ ನಿಂತಿರುತ್ತದೆ ಎಂದು ತಿಳಿದವಳು ಅವಳು.

ನಾನು "ಅತ್ತಿಗೇ" ಎಂದು ಕಿರುಚಿದೆ. ರುದ್ರೇಶಿ "ಅಕ್ಕಾ, ಅಕ್ಕಾ" ಎಂದ. ಹಡಗಿನವನು ಸೀಟಿ ಊದಿದ, ಇನ್ನೊಬ್ಬ ಗುಡ್ಡ ಹತ್ತಲು ಓಡಿದ. ಅಲೆಗಳ ಅಬ್ಬರದಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಮೈಲಿ ದೂರದ ಮಂದೆಯನ್ನು ತಿರುಗಿಸುವ ಗಂಟಲು ನಮ್ಮ ಜೊತೆಗೇ ಇತ್ತು, ಆದರೆ ಅದಕ್ಕೆ ದನಿಯಿಲ್ಲ. ಅಣ್ಣ ಬಾಯಿ ತೆರೆದ. ಗಾಳಿ ಬಂತು. ಮತ್ತೆ ತೆರೆದ, ಕುತ್ತಿಗೆಯ ನರ ಉಬ್ಬಿ ಬಂದವು, ಗಾಳಿಯೇ. ತನ್ನ ಗಂಟಲಿಗೆ ತಾನೇ ಗುದ್ದಿಕೊಂಡ. ಆಮೇಲೆ ನೀರಿಗೆ ನುಗ್ಗಲು ಹೋದ, ರುದ್ರೇಶಿ ಮತ್ತು ಹಡಗಿನವನು ಸೇರಿ ರಟ್ಟೆ ಹಿಡಿದು ಎಳೆದರು. ಎಳೆದ ಮೇಲೆ ಅವನು ನನ್ನ ಕೈ ಹಿಡಿದ. ತೋಳ ಬಂದಾಗಲೂ ಯಾರ ಕೈಯನ್ನೂ ಹಿಡಿಯದವನು ಅವನು. ಅವನನ್ನು ನೋಡಲಾಗದೆ ನಾನು ಅತ್ತುಬಿಟ್ಟೆ. ಅವನು ಗುಡ್ಡದ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ, ಸುಮ್ಮನೆ ನಿಂತುಬಿಟ್ಟ.

ಎಷ್ಟು ಹೊತ್ತಾಯಿತೋ ತಿಳಿಯದು. ರುದ್ರೇಶಿ "ಅಗೋ!" ಎಂದ. ಗುಡ್ಡದ ನೆತ್ತಿಯಲ್ಲಿ ಅತ್ತಿಗೆ! ತಲೆಯ ಮೇಲೆ ಹುಲ್ಲಿನ ಹೊರೆ. ಅವಳನ್ನು ಹುಡುಕಲು ಹತ್ತಿದ್ದವನು ಇನ್ನೂ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಿದ್ದ. ಅವನನ್ನು ದಾಟಿಕೊಂಡು ಇಳಿದು ಬಂದವಳೇ ಅಣ್ಣನ ಮುಂದೆ ನಿಂತು, "ಅದೇನು ಹಂಗೆ ಕರೆಯೋದು? ಬರ್ತಿದ್ನಲ್ಲ! ಇಷ್ಟು ಜನರ ಮುಂದೆ!" ಎಂದು ಗದರಿದಳು. ಮುಖ ಕೆಂಪಾಗಿತ್ತು. ಬಿಸಿಲಿಗೆ ಎಂದುಕೊಂಡೆ.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. "ಯಾರು ಕರೆದ್ರು ಅತ್ತಿಗೆ?" ಎಂದೆ. "ಇನ್ಯಾರು, ನಿಮ್ಮಣ್ಣ," ಎಂದಳು. ಬಂದ ದಾರಿಯಲ್ಲೇ ಇಳಿಯಲು ಕಾಲು ಮುಂದಿಟ್ಟಿದ್ದಳಂತೆ. ಆಗ ಹಿಂದಿನಿಂದ, ಗುಡ್ಡದ ಮೇಲಿನಿಂದ, ಅಣ್ಣನ ದನಿ ಬಂತಂತೆ. ಅವರು ಅಲ್ಲಿಗೆ ಯಾವಾಗ ಹತ್ತಿದರು ಎಂದುಕೊಂಡು ತಿರುಗಿ ಮೇಲೆ ಬಂದಳಂತೆ. ಇವರ ಗಂಟಲು ಬೆಳಗ್ಗೆಯಿಂದ ಕಟ್ಟಿದೆಯಲ್ಲ ಎಂದು ರುದ್ರೇಶಿ ನೆನಪಿಸಿದಾಗ ಅವಳು ಅಣ್ಣನ ಮುಖ ನೋಡಿದಳು, ಆಮೇಲೆ ಹೊರೆ ಸರಿಮಾಡಿಕೊಂಡು ದೋಣಿಯ ಕಡೆ ನಡೆದಳು. ಹುಲ್ಲನ್ನು ಹಡಗಿಗೆ ತರುವಂತಿಲ್ಲ ಎಂದು ಹಡಗಿನವರು ಹೇಳಿದಾಗ ಒಂದು ಸುತ್ತು ಜಗಳ ಮಾಡಿ, ಸೋತು, ಹೊರೆಯನ್ನು ದಡದಲ್ಲೇ ಬಿಟ್ಟಳು.

ಆಮೇಲೆ ಹಡಗಿನಲ್ಲಿ ನಗು ಮತ್ತೆ ಶುರುವಾಯಿತು, ಹುಲ್ಲಿನ ಹೊರೆಯದೇ ತಮಾಷೆ. ನನ್ನ ತಲೆ ಮಾತ್ರ ಓಡುತ್ತಲೇ ಇತ್ತು. ಪ್ರತಿಧ್ವನಿ ಎನ್ನೋಣವೆಂದರೆ ಮೊದಲು ಧ್ವನಿ ಇರಬೇಕಲ್ಲ. ಯಾವುದೋ ಕಡಲಹಕ್ಕಿಯ ಕೂಗು "ಹೋಯ್" ಎಂದು ಕೇಳಿಸಿರಬೇಕು, ಜೀವಮಾನವಿಡೀ ಆ ಕೂಗು ಕೇಳಿದ ಕಿವಿ ಅದನ್ನೇ ಕೇಳಿಸಿಕೊಂಡಿತು. ಹೀಗೆ ತೀರ್ಮಾನ ಮಾಡಿ ನೆಮ್ಮದಿಯಾಗಿ ಮಲಗಿದೆ. ಅಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ರತ್ನಗಿರಿಯಲ್ಲಿ ಬಸ್ಸು ಹತ್ತಿದೆವು. ಹೊನ್ನಾಳಿಯಲ್ಲಿ ಚಹಾಕ್ಕೆ ನಿಲ್ಲಿಸುವ ಹೊತ್ತಿಗೆ ಅಣ್ಣನ ಗಂಟಲು ಸ್ವಲ್ಪ ಬಿಟ್ಟಿತ್ತು. ಅತ್ತಿಗೆ ಬಸ್ಸಿನಲ್ಲೇ ನಿದ್ದೆ ಹೋಗಿದ್ದಳು. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದು, ಒಡಕು ದನಿಯಲ್ಲಿ, "ತಂಗಿ, ನಗಬ್ಯಾಡ. ಅವತ್ತು ದನಿ ಹೊರಡಲಿಲ್ಲ ನೋಡು, ಆಗ ಮನಸಿನಾಗೇ ಅವಳ ಹೆಸರು ಹಿಡಿದು ಕರೆದೆ ಕಣವ್ವ. ಲಗ್ನ ಆದಾಗಿಂದ ಇದೇ ಮೊದಲು," ಎಂದ. ಕಿವಿಯವರೆಗೂ ಕೆಂಪಾಗಿದ್ದ. "ಯಾರಿಗೂ ಹೇಳಬ್ಯಾಡ ಮತ್ತೆ. ಆಕೆ ನಕ್ಕಾಳು." ನಾನು ನಗಲಿಲ್ಲ.

ನಾನು ನ್ಯಾಮತಿಗೆ ಹೋಗದೆ ನಾಲ್ಕು ದಿನ ತವರಲ್ಲಿ ಇದ್ದು ಬರೋಣವೆಂದು ಅವರ ಜೊತೆ ಜಗಳೂರಿಗೆ ಹೋದೆ. ಮರುದಿನ ಬೆಳಗ್ಗೆ ಅಣ್ಣ ಮಂದೆ ಹೊಡೆದುಕೊಂಡು ಹೋದ ಮೇಲೆ ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ನನ್ನ ಹಕ್ಕಿಯ ಸಿದ್ಧಾಂತವನ್ನು ವಿವರಿಸತೊಡಗಿದೆ. ಹೋಯ್ ಎನ್ನುವ ಹಕ್ಕಿಗಳು ಎಷ್ಟೋ ಇರುತ್ತವೆ ಅತ್ತಿಗೆ ಎಂದೆ.

ಅವಳು ತಟ್ಟುವುದನ್ನು ನಿಲ್ಲಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿದಳು. "ಹೋಯ್ ಅಂತ ಯಾರಂದ್ರು ನಿಂಗೆ?" ಎಂದಳು.

"ಮತ್ತೆ ಹೆಂಗೆ ಕರೆದ?"

ಅವಳು ಹಿಟ್ಟಿನ ಕೈಯಿಂದಲೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಮದುವಣಗಿತ್ತಿಯ ಹಾಗೆ ನಾಚಿದ್ದಳು. "ಹಾಲಮ್ಮಾ ಅಂದ್ರು ಕಣೇ. ಹೆಸರು ಹಿಡಿದು. ಎಷ್ಟು ಚೆಂದಾಗಿ ಕರೆದ್ರು ಅಂತೀಯ! ನಂಗೆ ನಾಚಿಕೆಯಾಗಿ ಹಂಗೇ ನಿಂತುಬಿಟ್ಟೆ. ಮತ್ತೆ ಕರೆದ್ರು, ಓಡಿ ಬಂದೆ."

ಆ ದಡದಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಹಕ್ಕಿ ಹಾರಿಹೋಯಿತು. ಅಂದಿನಿಂದ ಇಂದಿನವರೆಗೂ ಯೋಚಿಸುತ್ತಿದ್ದೇನೆ, ಉತ್ತರ ಸಿಕ್ಕಿಲ್ಲ. ಸಿಕ್ಕವರು ನನಗೆ ಹೇಳಿ, ಜಗಳವಾಡದೆ ಒಪ್ಪಿಕೊಳ್ಳುತ್ತೇನೆ. ಅಣ್ಣ ಹೇಳಿದ್ದನ್ನು ಅತ್ತಿಗೆಗೆ ಹೇಳಿಲ್ಲ, ಅತ್ತಿಗೆ ಹೇಳಿದ್ದನ್ನು ಅಣ್ಣನಿಗೆ ಹೇಳಿಲ್ಲ. ಅವಳೇ ನನ್ನ ಕೈ ಹಿಡಿದು, ಕೈತುಂಬ ಹಿಟ್ಟು ಮೆತ್ತಿ, ಆಣೆ ಹಾಕಿಸಿಕೊಂಡಿದ್ದಾಳೆ.

"ಅವ್ರ ಮುಂದೆ ಬಾಯಿ ಬಿಡಬ್ಯಾಡ ಮೇಡಮ್ಮ. ನಾಚ್ಕೊಂಡು, ಇನ್ನೊಂದು ಸಲ ಕರೆಯಾಕೆ ಹಿಂಜರಿದಾರು."